ಅವ್ವ ಹತ್ತದ ಕಾರುಗಳು

ಕೀಲ್ಪಾಕಿನ ನಮ್ಮ ತವರುಮನೆಯ ಮುಂದೆ ಎರಡು ದೊಡ್ಡ ಕಾರು ನಿಂತಿರುತ್ತಿದ್ದ ಕಾಲದಲ್ಲಿ ನಮ್ಮವ್ವ ಆಟೋದಲ್ಲಿ ಓಡಾಡುತ್ತಿದ್ದಳು. ಬೀದಿಯವರು ಅದನ್ನು ನೋಡಿ, ಗಂಡುಮಕ್ಕಳು ಮುದುಕಿಯನ್ನು ಕೈಬಿಟ್ಟಿದ್ದಾರೆ ಎಂದುಕೊಂಡಿದ್ದರು. ಕೈಬಿಟ್ಟಿದ್ದರೆ ಅವಳು ಇನ್ನೂ ಸ್ವಲ್ಪ ಕಾಲ ಬದುಕುತ್ತಿದ್ದಳೋ ಏನೋ. ಅವರಿಬ್ಬರೂ ಬಿಡಲೇ ಇಲ್ಲ, ಆಚೆಗೊಬ್ಬ ಈಚೆಗೊಬ್ಬ ನಿಂತು ಎಳೆದರು.

ಅಪ್ಪ ದಾವಣಗೆರೆ ಕಡೆಯಿಂದ ಈ ತಮಿಳು ಊರಿಗೆ ಬಂದು ರಾಯಪುರಂನಲ್ಲಿ, ಹಾರ್ಬರಿನ ಹತ್ತಿರ, ಹಗ್ಗ ಮತ್ತು ಟಾರ್ಪಾಲಿನ ಅಂಗಡಿ ಹಾಕಿದವರು. ಅವರು ಹೋದ ಮೇಲೆ ಅಣ್ಣ, ತಮ್ಮ ಕೂಡಿಯೇ ವ್ಯಾಪಾರ ನಡೆಸಿದರು. ಆಮೇಲೆ ದೊಡ್ಡ ಮಾರ್ಕೆಟ್ಟು ಕೋಯಂಬೇಡಿಗೆ ಹೋಗಿ, ಲಾರಿಗಳೆಲ್ಲ ಅತ್ತ ತಿರುಗಿದವು. ಲಾರಿಗೆ ಹೊದಿಸುವ ಟಾರ್ಪಾಲಿನ್ ಅಲ್ಲೇ ಮಾರೋಣ ಎಂದ ತಮ್ಮ. ಅಪ್ಪ ಕೂತ ಗಾದಿ ಬಿಟ್ಟು ಒಂದು ಹೆಜ್ಜೆ ಕದಲುವುದಿಲ್ಲ ಎಂದ ಅಣ್ಣ. ಮಾತಿಗೆ ಮಾತು ಬೆಳೆದು ಬೇರೆಯಾದರು. ಅಣ್ಣನಿಗೆ ರಾಯಪುರಂ, ತಮ್ಮನಿಗೆ ಕೋಯಂಬೇಡು. ಅವ್ವ ಇರುವ ತನಕ ಮನೆ ಒಡೆಯಬಾರದು ಎಂದು ಅಣ್ಣ ಕೆಳಗೂ ತಮ್ಮ ಮಹಡಿಯಲ್ಲೂ ಉಳಿದರು. ಅವ್ವ ಮಧ್ಯಾಹ್ನ ಕೆಳಗೆ ಉಣ್ಣುತ್ತಿದ್ದಳು, ರಾತ್ರಿ ಮೇಲೆ. ಮಂಡಿ ಸವೆದ ಹೆಂಗಸು ದಿನಾ ಮೆಟ್ಟಿಲು ಹತ್ತಿ ಇಳಿದು ಇಬ್ಬರನ್ನೂ ಸರಿದೂಗಿಸುತ್ತಿದ್ದಳು. ನಾನು ಅವರಿಬ್ಬರ ನಡುವೆ ಹುಟ್ಟಿದವಳು. ನನ್ನ ಗಂಡ ಬ್ಯಾಂಕಿನಲ್ಲಿದ್ದರು, ಪೆರಂಬೂರಿನಲ್ಲಿ ನಮ್ಮ ಮನೆ, ನಮಗಿದ್ದದ್ದು ಒಂದು ಸ್ಕೂಟರ್.

ಅಪ್ಪನ ಕಾಲದ ಅಂಬಾಸಿಡರ್ ಒಂದಿತ್ತು. ಪಾಲಾಗುವಾಗ ಅದು ಯಾರಿಗೆ ಎಂದು ತೀರ್ಮಾನವಾಗದೆ ಷೆಡ್ಡಿನಲ್ಲೇ ತುಕ್ಕು ಹಿಡಿಯಿತು, ಕೊನೆಗೆ ಗುಜರಿಗೆ ಹೋಯಿತು. ಆಗ ಅಣ್ಣ ಅವ್ವನ ಮಂಡಿಗೆ ಅನುಕೂಲವಾಗುವ ಒಂದು ಒಳ್ಳೆ ಗಾಡಿ ತರುತ್ತೇನೆ ಎಂದ. ಸಣ್ಣ ಕಾರಿನಲ್ಲಿ ಕೂರಲು ಅವ್ವ ಬಾಗಿ ಇಳಿಯಬೇಕಾಗುತ್ತಿತ್ತು, ಏಳುವಾಗ ಅಯ್ಯೋ ಶಿವನೇ ಎನ್ನುತ್ತಿದ್ದಳು. ಎತ್ತರದ ಗಾಡಿಯಾದರೆ ಕುರ್ಚಿಯಲ್ಲಿ ಕೂತ ಹಾಗೆ ಕೂರಬಹುದು ಎಂಬುದು ಅವನ ಲೆಕ್ಕ. ಆ ಲೆಕ್ಕದಲ್ಲಿ ನಿಜವಾಗಿಯೂ ಪ್ರೀತಿ ಇತ್ತು. ಅದನ್ನು ನಾನು ಇವತ್ತಿಗೂ ಅಲ್ಲಗಳೆಯುವುದಿಲ್ಲ.

ನನ್ನನ್ನೂ ಅತ್ತಿಗೆಯನ್ನೂ ಕರೆದುಕೊಂಡು ಅಣ್ಣ ಎರಡು ಷೋರೂಮು ನೋಡಿದ. ಮೌಂಟ್ ರೋಡಿನದು ಜರ್ಮನಿಯ ಗಾಡಿ. ಒಳಗೆ ಕಾಲಿಟ್ಟರೆ ಜಾರುವಂಥ ನೆಲ, ಬೆನ್ನು ನಡುಗಿಸುವಷ್ಟು ಏಸಿ. ಅಲ್ಲಿದ್ದ ಯುವಕ ನಾವು ತಮಿಳಿನಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟ. ಆ ಗಾಡಿಯಲ್ಲೊಂದು ಗುಂಡಿ ಇತ್ತು, ಒತ್ತಿದರೆ ಗಾಡಿ ತಾನೇ ತಗ್ಗಿ ನಿಲ್ಲುತ್ತಿತ್ತು. ಅಣ್ಣನಿಗೆ ಅದು ಹಿಡಿಸಿತ್ತು, ಆದರೆ ಆ ಹುಡುಗನ ಇಂಗ್ಲಿಷು ಹಿಡಿಸಲಿಲ್ಲ. ಗಿಂಡಿ ಕಡೆಯದು ಜಪಾನಿನ ಗಾಡಿ. ಅಲ್ಲಿನ ಮ್ಯಾನೇಜರು ಮರುದಿನ ಗಾಡಿಯನ್ನು ಮನೆಗೇ ಕಳಿಸಿದ, ತಾನೂ ಬಂದ, ಹಣೆಯ ಮೇಲೆ ವಿಭೂತಿ ಎಳೆದುಕೊಂಡೇ ಬಂದ. ಅವ್ವನ ಕಾಲಿಗೆ ಬಿದ್ದ. ಅವಳ ಚಪ್ಪಲಿಯ ಎತ್ತರವನ್ನೂ ಲೆಕ್ಕ ಹಿಡಿದು ಬಾಗಿಲಿಗೆ ಒಂದು ಮೆಟ್ಟಿಲು ಹಾಕಿಸಿ ಕೊಡುತ್ತೇನೆ ಎಂದ. ಅಣ್ಣ ಅಲ್ಲೇ ಕರಗಿಹೋದ. ಮಹಡಿಯವನಿಗೆ ಒಂದು ಮಾತೂ ಹೇಳದೆ ಬುಕ್ ಮಾಡಿದ.

ಗಾಡಿ ಬಂದ ದಿನ ಪೂಜೆ ಆಯಿತು, ನಿಂಬೆಹಣ್ಣು ಚಕ್ರಕ್ಕೆ ಇಟ್ಟರು. ಅವ್ವ ಮೊದಲು ಹತ್ತಬೇಕು, ದೇವಸ್ಥಾನಕ್ಕೆ ಹೋಗಬೇಕು ಎಂದು ಏರ್ಪಾಡು. ಅವ್ವ ಬಾನೆಟ್ಟಿಗೆ ವಿಭೂತಿ ಹಚ್ಚಿ, ಸಣ್ಣವನೂ ಕೆಳಗೆ ಬರಲಿ, ಆಮೇಲೆ ಹತ್ತುತ್ತೇನೆ ಎಂದಳು. ತಮ್ಮ ಬಾಲ್ಕನಿಯಲ್ಲಿ ಪೇಪರು ಹಿಡಿದು ನಿಂತಿದ್ದ, ಕದಲಲಿಲ್ಲ. ರಾಹುಕಾಲ ಬಂತು. ಅವ್ವ ಒಳಗೆ ಹೋದಳು. ತಿಂಗಳೊಪ್ಪತ್ತಿನಲ್ಲಿ ತಮ್ಮ ಮೌಂಟ್ ರೋಡಿಗೆ ಹೋಗಿ, ಅಣ್ಣ ಬೇಡವೆಂದು ಬಿಟ್ಟ ಅದೇ ಜರ್ಮನ್ ಗಾಡಿ ತಂದ. ಅಣ್ಣ ಬಿಟ್ಟದ್ದು ಅನ್ನುವುದೇ ಅದರ ದೊಡ್ಡ ಗುಣವಾಗಿತ್ತು. ಅದಕ್ಕೂ ಪೂಜೆ ಆಯಿತು. ಆವತ್ತು ಅಣ್ಣ ಬೇಕೆಂದೇ ಬೆಳಗ್ಗೆ ಬೇಗ ಅಂಗಡಿಗೆ ಹೋಗಿದ್ದ. ಅವ್ವ ಅದಕ್ಕೂ ವಿಭೂತಿ ಹಚ್ಚಿದಳು, ಅದನ್ನೂ ಹತ್ತಲಿಲ್ಲ.

ಮುಂದೆ ಇಬ್ಬರ ಜಗಳ ಪೂರ್ತಿ ಗಾಡಿಯ ಮೇಲೆ ಇಳಿಯಿತು. ಒಬ್ಬರಿಗೊಬ್ಬರು ಮಾತಿಲ್ಲ, ಇಬ್ಬರೂ ನನಗೆ ಫೋನ್ ಮಾಡುತ್ತಿದ್ದರು. ಅಣ್ಣ, ತನ್ನ ಷೋರೂಮಿನವರು ಸರ್ವೀಸಿಗೆ ಮನೆಯಿಂದಲೇ ಗಾಡಿ ತೆಗೆದುಕೊಂಡು ಹೋಗಿ ಸಂಜೆ ತೊಳೆದು ತಂದು ನಿಲ್ಲಿಸುತ್ತಾರೆ, ಬಿಲ್ಲಿನ ಜೊತೆ ಮಲ್ಲಿಗೆ ದಂಡೆ ಇರುತ್ತದೆ ಎನ್ನುತ್ತಿದ್ದ. ತಮ್ಮ, ತನ್ನ ಷೋರೂಮಿನಲ್ಲಿ ಗಾಜಿನ ಆಚೆ ಸೋಫಾದಲ್ಲಿ ಕೂತು ಕಾಫಿ ಕುಡಿಯುತ್ತ ಕೆಲಸ ನೋಡಬಹುದು, ಗಾಡಿ ಅಲ್ಲಿರುವ ತನಕ ಓಡಾಡಲು ಬೇರೆ ಕಾರು ಕೊಡುತ್ತಾರೆ ಎನ್ನುತ್ತಿದ್ದ. ನಾನು ಒಲೆ ಮುಂದೆ ರಿಸೀವರನ್ನು ಕಿವಿಗೂ ಭುಜಕ್ಕೂ ಸಿಕ್ಕಿಸಿಕೊಂಡು ಹೂಂ ಹೂಂ ಎನ್ನುತ್ತಿದ್ದೆ. ಇವನು ಹೇಳಿದ್ದನ್ನು ಅವನಿಗೆ ದಾಟಿಸುತ್ತೇನೆ ಎಂದು ಇಬ್ಬರಿಗೂ ಗೊತ್ತಿತ್ತು, ಅದಕ್ಕೇ ಫೋನು. ಒಮ್ಮೆ ರೇಗಿ, ನನ್ನ ಮನೆಯ ಸ್ಕೂಟರಿಗೆ ಸರ್ವೀಸು ಮಾಡುವವನು ಸೈಕಲ್ ಪಂಕ್ಚರನ್ನೂ ಹಾಕುತ್ತಾನೆ, ಅವನ ಸುದ್ದಿ ಬೇಕಾ ಎಂದೆ. ತಮ್ಮ ನಕ್ಕು ಮುಂದುವರಿಸಿದ.

ನಗುವಂಥದ್ದೂ ನಡೆಯುತ್ತಿತ್ತು. ತಮ್ಮನ ಗಾಡಿ ಒಂದು ದಿನ ತಗ್ಗಿದ್ದು ಮೇಲೇಳಲೇ ಇಲ್ಲ, ಮನೆಯ ಮುಂದೆ ಎಮ್ಮೆ ಮಲಗಿದ ಹಾಗೆ ಕೂತುಬಿಟ್ಟಿತು. ಅಣ್ಣ ಆವತ್ತು ಅಂಗಡಿಯಿಂದ ಮಧ್ಯಾಹ್ನವೇ ಬಂದು ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಅದನ್ನು ಕ್ರೇನು ಎಳೆದೊಯ್ಯುವ ತನಕ ನೋಡಿದ. ಇಬ್ಬರ ಮಕ್ಕಳು ಕೂಡ ಮೆಟ್ಟಿಲ ಮೇಲೆ ಕೂತು ಎಂಗ ಕಾರ್, ಉಂಗ ಕಾರ್, ನಮ್ಮ ಕಾರು ನಿಮ್ಮ ಕಾರು ಎಂದು ತಮಿಳಿನಲ್ಲಿ ಕಚ್ಚಾಡುತ್ತಿದ್ದರು. ಅವ್ವ ಅವರನ್ನು ದಾಟಿಕೊಂಡು, ಗೋಡೆ ಹಿಡಿದು, ಊಟಕ್ಕೆ ಮೇಲೆ ಹೋಗುತ್ತಿದ್ದಳು.

ನನ್ನ ಮನೆಗೆ, ಕಣ್ಣಿನ ಡಾಕ್ಟರ ಹತ್ತಿರ, ದೇವಸ್ಥಾನಕ್ಕೆ, ಎಲ್ಲದಕ್ಕೂ ಅವಳಿಗೆ ಬೀದಿ ಮೂಲೆಯ ಸ್ಟ್ಯಾಂಡಿನ ಆಟೋ. ನಾನೊಂದು ಉಪಾಯ ಹೇಳಿದೆ. ಹೋಗುವಾಗ ಒಬ್ಬನ ಗಾಡಿ, ಬರುವಾಗ ಇನ್ನೊಬ್ಬನದು, ಯಾರಿಗೂ ನೋವಿಲ್ಲ ಎಂದೆ. ಅವ್ವ ನನ್ನ ಮುಖವನ್ನೇ ನೋಡಿದಳು.

"ಹೋಗೋದು ಯಾರ ಗಾಡ್ಯಾಗ, ಬರೋದು ಯಾರ ಗಾಡ್ಯಾಗ? ಅದನ್ನ ನೀನಾ ಹೇಳು ನೋಡಾನ. ಮೊದ್ಲು ಕುಂತಿದ್ದು ಯಾರ್ದ್ರಾಗ ಅಂತ ಸಾಯೋ ಮಟ ಎತ್ತಾಡ್ತಾರ. ಬ್ಯಾಡವ್ವ. ಆಟೋ ಅಂದ್ರ ಯಾರ್ದೂ ಅಲ್ಲ."

ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು?

ಅಣ್ಣನ ಕಿವಿಗೂ ಬೀದಿಯವರ ಮಾತು ಬಿದ್ದಿತು. ಹೊರಗೆ ಇಂಥ ಗಾಡಿ ಇಟ್ಟುಕೊಂಡು ಹೆತ್ತವಳನ್ನು ಆಟೋದಲ್ಲಿ ಕಳಿಸುತ್ತಾನೆ ಎಂದು ಯಾರೋ ಅಂಗಡಿಯಲ್ಲಿ ಆಡಿಕೊಂಡರಂತೆ. ಅವನು ಸ್ಟ್ಯಾಂಡಿಗೆ ಹೋಗಿ, ನಮ್ಮ ಅಮ್ಮ ಕರೆದರೆ ಯಾರೂ ಬರಬೇಡಿ ಎಂದು ಹೇಳಿ ಬಂದ. ಆಟೋ ಇಲ್ಲದಿದ್ದರೆ ಗಾಡಿ ಹತ್ತಿಯೇ ಹತ್ತುತ್ತಾಳೆ ಎಂಬ ಧೈರ್ಯ. ಅದು ತನ್ನ ಗಾಡಿಯೇ ಆಗುತ್ತದೆ ಎಂಬ ಧೈರ್ಯವೂ ಇತ್ತು. ಮುಂದೊಂದು ದಿನ ಅವ್ವನ ಜೊತೆ ನಾನೂ ಸ್ಟ್ಯಾಂಡಿಗೆ ಹೋದಾಗ, ಅವಳನ್ನು ಎಷ್ಟೋ ಸಲ ಕೈಹಿಡಿದು ಹತ್ತಿಸಿಕೊಂಡಿದ್ದ ಡ್ರೈವರು ಎದ್ದು ನಿಂತು ತಲೆ ಕೆರೆದುಕೊಂಡ.

"ಪೆರಿಯವರು ಏತ್ತಕ್ಕೂಡಾದುನ್ನು ಸೊಲ್ಲಿಟ್ಟಾರಮ್ಮಾ," ಎಂದ. ದೊಡ್ಡವರು ಹತ್ತಿಸಬೇಡಿ ಎಂದಿದ್ದಾರೆ, ಅಷ್ಟೇ.

ನನಗೆ ಮೈ ಉರಿಯಿತು. ಅವ್ವ ನನ್ನ ಕೈ ಹಿಡಿದು ಎಳೆದಳು, ಪಾಪ ಅವನೇನು ಮಾಡುತ್ತಾನೆ ಎಂದಳು. ಆವತ್ತಿನಿಂದ ಅವಳು ಮೇನ್ ರೋಡಿನವರೆಗೂ ನಡೆದುಹೋಗಿ ಗುರುತಿಲ್ಲದ ಆಟೋ ಹಿಡಿಯತೊಡಗಿದಳು. ನಾನು ಅಣ್ಣನಿಗೆ ಫೋನಿನಲ್ಲಿ ಬಾಯಿಗೆ ಬಂದ ಹಾಗೆ ಬೈದೆ. ನೀನು ಸಣ್ಣವನ ಕಡೆ ಎಂದು ಫೋನಿಟ್ಟ.

ತಮ್ಮನ ಗಾಡಿ ಮತ್ತೆ ತಗ್ಗಿ ಕೂತದ್ದು ಆ ಬೇಸಗೆಯಲ್ಲಿ. ಈ ಸಲ ವರ್ಕ್‌ಷಾಪಿನಲ್ಲಿ ಬಹಳ ದಿನ ಉಳಿಯಿತು. ಪಾರ್ಟು ಜರ್ಮನಿಯಿಂದ ಬರಬೇಕಂತೆ, ಬಂದಿಲ್ಲವಂತೆ ಎಂದು ಮನೆಯಲ್ಲಿ ಹೇಳುತ್ತಿದ್ದ. ಅವರು ಕೊಟ್ಟ ಸಣ್ಣ ಕಾರಿನಲ್ಲಿ ಅಂಗಡಿಗೆ ಹೋಗುತ್ತಿದ್ದ. ಷೆಡ್ಡಿನಲ್ಲಿ ಅಣ್ಣನ ಗಾಡಿ ಒಂದೇ ಮೆರೆಯುತ್ತಿತ್ತು.

ಆಗಲೇ ಒಂದು ಬೆಳಗ್ಗೆ ಅವ್ವ ಅಡುಗೆಮನೆಗೆ ಬಂದು ಅತ್ತಿಗೆಯ ಹತ್ತಿರ, ಎದೆ ಹಿಡಿದುಕೊಂಡ ಹಾಗಾಗುತ್ತಿದೆ, ಬೆವರು ಬರುತ್ತಿದೆ ಎಂದಳು. ಅತ್ತಿಗೆ ಗಾಬರಿಯಾಗಿ, ಅಣ್ಣನನ್ನು ಅಂಗಡಿಗೆ ಬಿಟ್ಟು ಗಾಡಿ ವಾಪಸ್ಸು ತಂದಿದ್ದ ಡ್ರೈವರನ್ನು ಕೂಗುತ್ತೇನೆ, ಆಸ್ಪತ್ರೆ ಇಲ್ಲೇ ಇದೆ ಎಂದಳು. ಅವ್ವ ಬೇಡ ಎಂದು ಸೆರಗಿನಿಂದ ಮುಖ ಒರೆಸಿಕೊಂಡು ಜಗಲಿಗೆ ಹೋಗಿ ಕೂತಳು. ಅತ್ತಿಗೆ ಒಳಗೆ ಹೋಗಿ ಅಣ್ಣನಿಗೆ ಅಂಗಡಿಗೆ ಫೋನು ಮಾಡಿ ಹೊರಗೆ ಬರುವಷ್ಟರಲ್ಲಿ ಜಗಲಿ ಖಾಲಿ. ಅವ್ವ ಗೇಟು ದಾಟಿ, ಸ್ಟ್ಯಾಂಡು ದಾಟಿ, ಮೇನ್ ರೋಡಿಗೆ ನಡೆದುಹೋಗಿದ್ದಳು. ಬಸ್‌ಸ್ಟಾಪಿನ ಕಟ್ಟೆಯ ಮೇಲೆ ಕೂತವಳು ಪಕ್ಕಕ್ಕೆ ವಾಲಿದಳಂತೆ. ಬಸ್ಸಿಗೆ ನಿಂತಿದ್ದ ಯಾರೋ ಪುಣ್ಯಾತ್ಮರು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ತಂದರು. ತಂದಾಗಲೇ ಜೀವ ಇರಲಿಲ್ಲ.

ನಾನು ಆಸ್ಪತ್ರೆ ಮುಟ್ಟಿದಾಗ ಅತ್ತಿಗೆ ಕಾರಿಡಾರಿನಲ್ಲಿ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ತಬ್ಬಿಕೊಂಡು, ಡ್ರೈವರನ್ನು ಕೂಗುತ್ತೇನೆ ಎಂದಾಗ ಅವ್ವ ಏನೆಂದಳು ಎಂಬುದನ್ನು ಕಿವಿಯಲ್ಲಿ ಹೇಳಿದಳು. ಗಂಡನಿಗೆ ಹೇಳಲು ಅವಳಿಗೆ ಬಾಯಿ ಬಂದಿರಲಿಲ್ಲ.

ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂಡಿಸುತ್ತೇವೆ. ಗೋಡೆಗೆ ಒರಗಿಸಿ, ವಿಭೂತಿ ಹಚ್ಚಿ, ಕೂತ ಹಾಗೆಯೇ ಮಣ್ಣಿಗೆ ಇಳಿಸುತ್ತೇವೆ. ದೇಹ ಸೆಟೆಯುವ ಮೊದಲು ಕೂಡಿಸಬೇಕು. ಆಸ್ಪತ್ರೆಯ ಕಾಗದಪತ್ರ ಮುಗಿಯುವಷ್ಟರಲ್ಲಿ ಹೊತ್ತಾಗಿತ್ತು. ಹೊರಗೆ ಅಂಗಳದಲ್ಲಿ ಅಣ್ಣ ಮತ್ತು ತಮ್ಮ ಎಷ್ಟೋ ವರ್ಷಗಳ ಮೇಲೆ ಎದುರುಬದುರು ನಿಂತು ಮಾತಾಡುತ್ತಿದ್ದರು. ನನಗೆ ಒಂದು ಕ್ಷಣ ಸಮಾಧಾನವಾಯಿತು. ಹತ್ತಿರ ಹೋಗಿ ಕೇಳಿಸಿಕೊಂಡರೆ, ಆಂಬುಲೆನ್ಸಿನಲ್ಲಿ ಮಲಗಿಸಿ ಒಯ್ಯುವುದು ಬೇಡ, ನನ್ನ ಗಾಡಿಯ ಸೀಟು ಎತ್ತರ ಇದೆ, ಸಲೀಸಾಗಿ ಕೂಡಿಸಬಹುದು ಎನ್ನುತ್ತಿದ್ದ ಅಣ್ಣ. ಬದುಕಿದ್ದಾಗ ಹತ್ತದವಳನ್ನು ಈಗ ಹತ್ತಿಸುತ್ತೀಯಾ, ನನ್ನ ಗಾಡಿಯನ್ನು ಈಗಲೇ ತರಿಸುತ್ತೇನೆ ಎಂದು ತಮ್ಮ ಮೊಬೈಲಿನಲ್ಲಿ ನಂಬರು ಒತ್ತುತ್ತಿದ್ದ.

ನಾನು ಅವರಿಬ್ಬರನ್ನೂ ದಾಟಿಕೊಂಡು ಹೋದೆ. ಆಂಬುಲೆನ್ಸಿನವರಿಗೆ ಹೇಳಿ ಅವ್ವನನ್ನು ಒಳಗಿನ ಉದ್ದದ ಬೆಂಚಿನ ಮೇಲೆ ಕೂಡಿಸಿದೆ. ಒಂದು ಕಡೆ ಅತ್ತಿಗೆ, ಒಂದು ಕಡೆ ನಾನು. ಅವಳ ತಲೆಯನ್ನು ನನ್ನ ಭುಜಕ್ಕೆ ಆನಿಸಿಕೊಂಡು ಸೆರಗಿನಿಂದ ಬಳಸಿ ಹಿಡಿದೆ. ತಮ್ಮ ಓಡಿಬಂದು ತೆರೆದ ಬಾಗಿಲು ಹಿಡಿದು ನಿಂತ. ಹಿಂದೆ ಅಣ್ಣ ಬಂದ.

"ಅಕ್ಕಾ, ಹೋಗೋ ಮುಂಚೆ ಏನಾರ ಅಂದ್ಲಾ ಅವ್ವ?" ಎಂದು ತಮ್ಮ ಕೇಳಿದ.

ಆಗ ಹೇಳಿದೆ. "ಡ್ರೈವರನ್ನ ಕರೀತೀನಿ ಅಂದ್ಲಂತ ಅತ್ತಿಗಿ. ಬ್ಯಾಡ, ಸಣ್ಣೋನ ಗಾಡಿ ರಿಪೇರಿಯಿಂದ ಬರ್ಲಿ, ಎರಡೂ ಇದ್ದಾಗ ನೋಡಾನ ಅಂದ್ಲಂತ ಅವ್ವ."

ಅಣ್ಣ ಅಲ್ಲೇ ನೆಲದ ಮೇಲೆ ಕುಕ್ಕರಿಸಿ ಕೂತ. ತಮ್ಮನ ಕೈಯಲ್ಲಿ ಫೋನು ಇನ್ನೂ ಮಾತಾಡುತ್ತಲೇ ಇತ್ತು, ಷೋರೂಮಿನ ಹೆಣ್ಣುದನಿಯೊಂದು ಸರ್, ಸರ್ ಎನ್ನುತ್ತಿತ್ತು.

"ಗಾಡಿ ಸೋಮವಾರನ ತಯಾರಾಗಿತ್ತಕ್ಕಾ," ಎಂದ. "ವರ್ಕ್‌ಷಾಪಿನಾಗ ಬಾಗ್ಲಿಗೆ ಒಂದು ಗೀರು ಬಿದ್ದಿತ್ತು. ಅಣ್ಣ ನೋಡಿದ್ರ ನಗ್ತಾನ ಅಂತ ನಾ ತಗಳ್ಲಿಲ್ಲ. ಪೂರ್ತಿ ಬಣ್ಣ ಹೊಡದ ಕೊಡ್ರಿ ಅಂತ ಅಲ್ಲೇ ಬಿಟ್ಟಿದ್ದೆ."

ಆವತ್ತು ಗುರುವಾರ. ಅವ್ವನ ತಲೆ ಭುಜದಿಂದ ಜಾರುತ್ತಿತ್ತು, ಎರಡೂ ಕೈಯಲ್ಲಿ ಹಿಡಿದುಕೊಳ್ಳಬೇಕಾಗಿತ್ತು.