ಬೀಗ ಹಾಕಿದ ಕೋಳಿಗೂಡು

ನನ್ನ ಸೋದರಮಾವನ ಪ್ರಕಾರ ಜಗತ್ತಿನಲ್ಲಿ ಇರುವುದು ಎರಡೇ ಬಗೆಯ ಜನ: ಬೀಗ ಹಾಕುವವರು ಮತ್ತು ಬೀಗ ಒಡೆಯುವವರು. ಮೊದಲನೆಯವರು ಅವನ ಗಿರಾಕಿಗಳು. ಎರಡನೆಯವರು ಉಳಿದವರೆಲ್ಲ.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವನದೊಂದು ಕಿಷ್ಕಿಂಧೆಯಂಥ ಅಂಗಡಿ. ನೆಲದಿಂದ ಚಾವಣಿಯವರೆಗೆ ಬೀಗಗಳು ತೂಗುತ್ತಿದ್ದವು. ಕೀಲಿ ಕೊರೆಯುವ ಯಂತ್ರದ ಮುಂದೆ ಕುಳಿತು, ಕನ್ನಡಕವನ್ನು ಹಣೆಗೇರಿಸಿ, "ನನ್ನ ಬೀಗ ತೆಗೆಯೋ ಗಂಡು ಇನ್ನೂ ಹುಟ್ಟಿಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಬೀಗ ಮಾರುವವನು ಬೀಗದೆ ಇನ್ನೇನು ಮಾಡುತ್ತಾನೆ ಎಂದು ಬೀದಿಯವರು ನಕ್ಕು ಸುಮ್ಮನಾಗುತ್ತಿದ್ದರು. ನಮಗೆ ಹಾಗೆ ಸುಮ್ಮನಾಗುವ ಭಾಗ್ಯವಿರಲಿಲ್ಲ. ನಾನು ಅವನ ಮನೆಯ ಮಹಡಿಯ ಕೋಣೆಯಲ್ಲಿದ್ದುಕೊಂಡು ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೆ. ಆ ಮನೆಯಲ್ಲಿ ಸಕ್ಕರೆ ಡಬ್ಬಿಗೂ ಬೀಗವಿತ್ತು. ಒಮ್ಮೆ ಅದರ ಕೀಲಿ ಕಳೆದುಹೋಗಿ, ನಾವೆಲ್ಲ ಸಪ್ಪೆ ಚಹಾ ಕುಡಿದು ಕುಡಿದು ಸಾಕಾಗಿ, ಕೊನೆಗೆ ಅತ್ತೆ ಡಬ್ಬಿಯನ್ನೇ ಸುತ್ತಿಗೆಯಿಂದ ಜಜ್ಜಿದ್ದಳು.

ಕೋಳಿಗಳು ಅತ್ತೆಯವು. ಹಿತ್ತಲು ಉದ್ದಕ್ಕೆ ಚಾಚಿಕೊಂಡು, ಕುಸಿದ ಗೋಡೆಯೊಂದರಲ್ಲಿ ಮುಗಿಯುತ್ತಿತ್ತು. ಅದರಾಚೆ ಮುಚ್ಚಿಹೋದ ಇಟ್ಟಿಗೆ ಕಾರ್ಖಾನೆಯ ಜಾಗ, ಆಳೆತ್ತರದ ಪೊದೆ. ಕೋಳಿಗಳು ಬೆಳಗಿನಿಂದ ಸಂಜೆಯವರೆಗೆ ಹಿತ್ತಲೆಲ್ಲ ಕೆದಕಿಕೊಂಡು, ಮಣ್ಣಿನಲ್ಲಿ ಹೊರಳಾಡಿಕೊಂಡು ಇರುತ್ತಿದ್ದವು. ಬೆಳಕು ಮಾಸುವ ಹೊತ್ತಿಗೆ ಅತ್ತೆ ನುಚ್ಚು ತುಂಬಿದ ತಗಡಿನ ಡಬ್ಬಿ ಕುಲುಕಿದರೆ ಸಾಕು, ಎಲ್ಲಿದ್ದರೂ ಓಡಿ ಬರುತ್ತಿದ್ದವು. ಕೊನೆಯದು ಒಳಗೆ ಹೋದಮೇಲೆ ಅವಳು ಗೂಡಿನ ಬಾಗಿಲಿಗೆ ಒಂದು ಕಡ್ಡಿ ಸಿಕ್ಕಿಸಿ ಬರುತ್ತಿದ್ದಳು. ಬೀಗದಂಗಡಿಯವನ ಹೆಂಡತಿ ಕಡ್ಡಿ ಸಿಕ್ಕಿಸುವುದನ್ನು ನೋಡಿ ಮಾವನ ಮೈ ಉರಿಯುತ್ತಿತ್ತು.

ಆ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು, ಸುಧಾರಿಸಿಕೊಳ್ಳಲು ತಂಗಿಯ ಮನೆಗೆ ಹೊರಟಳು. ಆಟೋ ಹತ್ತುವಾಗಲೂ ಅವಳಿಗೆ ಕೋಳಿಗಳದೇ ಚಿಂತೆ.

"ರೀ, ಕತ್ತಲಾಗೋ ಹೊತ್ತಿಗೆ ಡಬ್ಬಿ ಕುಲುಕಿ ಕರೀರಿ. ಎಲ್ಲಾ ಒಳಗೆ ಹೋದ್ವಾ ನೋಡಿ. ಆಮೇಲೆ ಬಾಗಿಲು ಹಾಕಿ. ಹಿಂದುಗಡೆ ನರಿ ಓಡಾಡತ್ತೆ ಅಂತಾರೆ."

"ನರಿಯಂತೆ ನರಿ! ಬಾಗಿಲು ಹಾಕೋದು ಹೇಗೆ ಅಂತ ನನಗೆ ಹೇಳ್ಕೊಡ್ತೀಯಾ? ಇಡೀ ಊರಿಗೆ ಬಾಗಿಲು ಹಾಕ್ಕೊಟ್ಟಿರೋನು ನಾನು."

"ಅದೇ ನನ್ನ ಭಯ," ಎಂದು ಅತ್ತೆ ಆಟೋ ಹತ್ತಿದಳು.

ಮರುದಿನವೇ ಗೂಡಿನ ಬಾಗಿಲಿಗೆ ಅಂಗೈ ಅಗಲದ ಹಿತ್ತಾಳೆ ಬೀಗ ಬಂತು. ಗೋದಾಮಿಗೆ ಹಾಕುವಂಥದ್ದು. ಎರಡು ಕೀಲಿ, ಒಂದು ಮಾವನ ಸೊಂಟದಲ್ಲಿ, ಇನ್ನೊಂದು ಪಕ್ಕದ ಮನೆಯ ಟೈಲರ್ ಬಳಿ. ತಾನು ಅಂಗಡಿಗೆ ಬೇಗ ಹೋಗಬೇಕಾದ ದಿನ ಗೂಡು ತೆರೆಯಲಿ ಎಂದು ಮಾವನೇ ಅದನ್ನು ಟೈಲರ್ ಕೈಗೆ ಕೊಟ್ಟಿದ್ದ. ಸಂಜೆ ಮನೆಗೆ ಚಹಾ ಕುಡಿಯಲು ಬಂದವನು ವಾಪಸು ಅಂಗಡಿಗೆ ಹೋಗುವ ಮುಂಚೆ ಟಣ್ ಎಂದು ಬೀಗ ಹಾಕಿ, ಒಮ್ಮೆ ಜಗ್ಗಿ ನೋಡಿ, ಮೀಸೆ ತಿರುವಿಕೊಂಡು ಹೋಗುತ್ತಿದ್ದ. ಆಗ ನಾನು ಇನ್ನೂ ಶಾಲೆಯಿಂದ ಬಂದಿರುತ್ತಿರಲಿಲ್ಲ.

ಕೋಳಿಗಳು ಒಂದೊಂದಾಗಿ ಕಾಣೆಯಾಗತೊಡಗಿದವು. ಮೊದಲು ಚುಕ್ಕೆ ಕೋಳಿ ಹೋಯಿತು, ಆಮೇಲೆ ಕುಂಟುವ ಕರಿಕೋಳಿ. ರಕ್ತವಿಲ್ಲ, ಪುಕ್ಕವಿಲ್ಲ. ಬೀಗ ಹಾಕಿದ್ದು ಹಾಕಿದಂತೆಯೇ ಇರುತ್ತಿತ್ತು. ಮಾವ ಭೂತಕನ್ನಡಿ ಹಿಡಿದು ಬೀಗದ ಬಾಯನ್ನು ಪರೀಕ್ಷಿಸಿದ. ಒಂದು ಗೀರೂ ಇರಲಿಲ್ಲ.

"ನೋಡಿದ್ಯಾ? ಒಡೆದಿಲ್ಲ. ಕೀಲಿ ಹಾಕೇ ತೆಗೆದಿದಾರೆ," ಎಂದ.

"ಮಾವ, ನರಿ ಇರಬಹುದಲ್ಲ?"

"ನರಿ ಕೀಲಿ ಇಟ್ಕೊಂಡು ಓಡಾಡತ್ತೇನೇ? ಟೀಚರಾಗಿ ಹೀಗೆ ಮಾತಾಡ್ತೀಯಲ್ಲ!"

ಅವನ ತಲೆಯೊಳಗಿನ ದಾರಿ ನನಗೆ ಕಾಣುತ್ತಿತ್ತು. ಬೀಗ ತನ್ನದು, ಆದ್ದರಿಂದ ತಪ್ಪು ಬೀಗದ್ದಲ್ಲ. ಹಾಗಿದ್ದರೆ ತಪ್ಪು ಕೀಲಿಯದು. ಕೀಲಿ ಇರುವುದು ಟೈಲರ್ ಬಳಿ. ಇಷ್ಟು ಚಿಕ್ಕ ದಾರಿಯಲ್ಲಿ ಇಷ್ಟು ದೂರ ಹೋಗಿ ಹಳ್ಳಕ್ಕೆ ಬೀಳುವವರು ಅಪರೂಪ.

ಟೈಲರ್ ಮಿತಭಾಷಿ. ಬಾಯಲ್ಲಿ ಸದಾ ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದುದರಿಂದ ಬೇರೆ ದಾರಿಯೂ ಇರಲಿಲ್ಲ. ಒಂದು ಬೆಳಿಗ್ಗೆ ಅವರ ಅಂಗಡಿಯಲ್ಲಿ ಮದುವೆಯ ಬಟ್ಟೆಗೆಂದು ಒಂದು ಕುಟುಂಬವೇ ನೆರೆದಿತ್ತು. ಮಾವ ಮೆಟ್ಟಿಲ ಮೇಲೆ ನಿಂತು, ಬೀದಿಗೆಲ್ಲ ಕೇಳುವ ಹಾಗೆ, "ರುಚಿ ಹೇಗಿತ್ತು?" ಎಂದ.

ಟೈಲರ್ ಸೂಜಿಗಳನ್ನು ಬಾಯಿಂದ ತೆಗೆದರು. "ಯಾವುದರ ರುಚಿ ಯಜಮಾನ್ರೇ?"

"ನಮ್ಮ ಕೋಳಿದು. ಕೀಲಿ ಕೊಟ್ಟಿದ್ದು ತಿನ್ನೋಕಲ್ಲ, ನೋಡ್ಕೊಳ್ಳೋಕೆ."

ಮದುವೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟೈಲರ್ ಒಳಗೆ ಹೋಗಿ, ಕೀಲಿ ತಂದು ಮಾವನ ಅಂಗೈಯಲ್ಲಿಟ್ಟರು. ಅವರ ಕೈ ನಡುಗುತ್ತಿತ್ತು. ಅದನ್ನೇ ಮಾವ ಮನೆಗೆ ಬಂದು ಸಾಕ್ಷಿ ಎಂದ. "ತಪ್ಪಿಲ್ದಿದ್ರೆ ಕೈ ಯಾಕೆ ನಡುಗತ್ತೆ?" ಸಿಟ್ಟಿಗೂ ಕೈ ನಡುಗುತ್ತದೆ ಎಂಬ ಸಂಗತಿ ಅವನಿಗೆ ಯಾರೂ ಹೇಳಿರಲಿಲ್ಲವೋ ಏನೋ. ನಾನು ಹೇಳಿದೆ. ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ನಾನು ಅತ್ತೆಗೆ ಫೋನ್ ಮಾಡಿದೆ. ಅವಳು ನಡೆದದ್ದನ್ನೆಲ್ಲ ಕೇಳಿಸಿಕೊಂಡಳು. ಆಮೇಲೆ, "ನಾಳೆ ಬರ್ತೀನಿ. ಆ ಮನುಷ್ಯನಿಗೆ ಹೇಳಬೇಡ," ಎಂದಳು.

ಮರುದಿನ ಭಾನುವಾರ, ನಾನೂ ಮನೆಯಲ್ಲಿದ್ದೆ. ಮಾವ ಎಂದಿನಂತೆ ಚಹಾ ಕುಡಿದು, ಬೀಗ ಜಡಿದು, ಅಂಗಡಿಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದಾಗ ಅತ್ತೆ ಪ್ಲಾಸ್ಟರ್ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಬಂದಳು. ಅವನನ್ನು ಮಾತಾಡಿಸದೆ ನೇರ ಹಿತ್ತಲಿಗೆ ನಡೆದಳು. ಬಿಸಿಲು ಇನ್ನೂ ಗೋಡೆಯ ಮೇಲಿತ್ತು.

"ರೀ, ಇಲ್ಲಿ ಬನ್ನಿ ಸ್ವಲ್ಪ."

ಮಾವ ಹೋದ. ನಾನೂ ಹೋದೆ. ಬೀಗ ಹಾಕಿದ ಗೂಡಿನ ಮುಂದೆ ಕೋಳಿಗಳು ಗುಂಪಾಗಿ ನಿಂತು ಕತ್ತು ಓರೆ ಮಾಡಿ ಬಾಗಿಲು ನೋಡುತ್ತಿದ್ದವು. ಒಳಗೆ ಇದ್ದದ್ದು ಕಾವು ಕೂತ ಒಂದೇ ಹೇಂಟೆ.

"ಯಾರಿಗೆ ಹಾಕಿದೀರಿ ಈ ಬೀಗ?" ಎಂದಳು ಅತ್ತೆ. "ಗಾಳಿಗಾ?"

ಮಾವ ಬೀಗವನ್ನು ಒಮ್ಮೆ ಜಗ್ಗಿ ನೋಡಿದ.

"ಬೆಳಕಿರೋವಾಗ ಕೋಳಿ ಗೂಡಿಗೆ ಬರತ್ತೇನ್ರೀ? ಇಷ್ಟು ದಿನ ಖಾಲಿ ಗೂಡಿಗೆ ಬೀಗ ಹಾಕಿ, ಕೋಳಿಗಳನ್ನ ಹೊರಗೆ ನಿಲ್ಸಿ, ಬೆಳಿಗ್ಗೆ ಖಾಲಿ ಗೂಡನ್ನೇ ತೆಗೀತಿದ್ರಿ. ಒಳಗೆ ಇಣುಕಿ ನೋಡೋ ಪುರುಸೊತ್ತು ಇರ್ಲಿಲ್ವಾ?"

"ಬೀಗ ಸರಿಯಾಗಿತ್ತಲ್ಲ..." ಎಂದ ಮಾವ, ಕ್ಷೀಣವಾಗಿ.

ಅಷ್ಟರಲ್ಲಿ ಕುಸಿದ ಗೋಡೆಯ ಮೇಲೆ ನರಿ ಕಾಣಿಸಿಕೊಂಡಿತು. ಬಡಕಲು, ಧೂಳುಬಣ್ಣದ್ದು, ಒಂದು ಕಿವಿ ಹರಿದಿತ್ತು. ಹೆದರಿಕೆಯೇನೂ ಇದ್ದಂತಿರಲಿಲ್ಲ, ದಿನವೂ ತಟ್ಟೆ ಹಾಕುವ ಮನೆಗೆ ಬಂದ ನೆಂಟರ ಹಾಗೆ ನಮ್ಮನ್ನು ನೋಡಿತು. ಅತ್ತೆ "ಹೋಯ್!" ಎಂದು ಕೂಗುವಷ್ಟರಲ್ಲಿ ಇಳಿದು, ಸೌದೆ ರಾಶಿಯ ಮೇಲಿದ್ದ ಕೆಂಪು ಹುಂಜದ ಕತ್ತು ಹಿಡಿದು, ಬಂದ ದಾರಿಯಲ್ಲೇ ಹೋಯಿತು. ಮಾವ ಗೂಡಿನ ಎರಡೂ ಕೀಲಿಗಳಿದ್ದ ಗೊಂಚಲನ್ನು ಅದರತ್ತ ಎಸೆದ. ಅದು ಪೊದೆಯಲ್ಲಿ ಬಿತ್ತು. ಪಕ್ಕದ ತಾರಸಿಯ ಮೇಲೆ ಬಟ್ಟೆ ಒಣಗಿಸುತ್ತಿದ್ದ ಟೈಲರ್ ಇದನ್ನೆಲ್ಲ ನೋಡಿದರು. ಕೆಳಗಿಳಿದು ಹೋದರು.

ಮಾವನ ಮುಖ ಇಂಗು ತಿಂದ ಮಂಗನಂತಾಗಿತ್ತು. ಕತ್ತಲು ಕವಿಯುವವರೆಗೆ ಪೊದೆಯಲ್ಲಿ ಕೀಲಿ ಹುಡುಕಿದ. ಸಿಗದೆ, ತನ್ನದೇ ಬೀಗವನ್ನು ಗರಗಸದಿಂದ ತಾನೇ ಕೊಯ್ದ. ಅತ್ತೆ ಎಡಗೈಯಿಂದ ಡಬ್ಬಿ ಕುಲುಕಿ ಉಳಿದ ಕೋಳಿಗಳನ್ನು ಒಳಗೆ ಸೇರಿಸಿದಳು.

ಕೋಳಿಗಳು ಒಳಗಾದವೆಂದು ನರಿ ಸುಮ್ಮನಿರಲಿಲ್ಲ. ಮುಂದಿನ ವಾರ ಗೂಡಿನ ಗೋಡೆಯ ಬುಡದಲ್ಲಿ ತೋಡಿ, ಒಂದು ಹೇಂಟೆಯನ್ನು ಎಳೆದು ಅರ್ಧಕ್ಕೇ ಬಿಟ್ಟುಹೋಗಿತ್ತು. ಬೆಳಿಗ್ಗೆ ಮಾವ ಅದನ್ನು ನೋಡುತ್ತ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದ. ಆಮೇಲೆ ತಾನೇ ಗುಂಡಿ ತೋಡಿ ಹೂತ. ಆ ದಿನ ಅವನು ಯಾರ ಮೇಲೂ ರೇಗಲಿಲ್ಲ. ನನಗೆ ಕನಿಕರ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಇಷ್ಟು ಮಾತ್ರ ಅವನ ಪರವಾಗಿ ಹೇಳಬೇಕು. ನರಿ ಗೋಡೆಗೆ ಒತ್ತಿಕೊಂಡೇ ತೋಡಿದೆ, ಒಂದು ಮೊಳ ಹಿಂದೆ ಸರಿದು ತೋಡುವ ಯೋಚನೆ ಅದಕ್ಕಿಲ್ಲ ಎಂಬುದನ್ನು ಕಂಡುಹಿಡಿದವನು ಅವನೇ. "ಕಳ್ಳ ಎಲ್ಲಿ ಕೈ ಹಾಕ್ತಾನೆ ಅಂತ ನೋಡೋದೇ ನನ್ನ ಕಸುಬು," ಎಂದು, ಗೂಡಿನ ಸುತ್ತ ನೆಲದ ಮೇಲೆ ದಪ್ಪ ತಂತಿಜಾಲರಿ ಹಾಸಿ, ಅಂಚನ್ನು ಗೋಡೆಗೆ ಬಿಗಿದು, ಮೇಲೆ ಕಲ್ಲು ಮಣ್ಣು ಮುಚ್ಚಿದ. ಮುಂದೆ ಗೋಡೆಯ ಬುಡದಲ್ಲಿ ಉಗುರಿನ ಗುರುತುಗಳು ಕಂಡವೇ ಹೊರತು ಕೋಳಿ ಹೋಗಲಿಲ್ಲ. ಕ್ರಮೇಣ ಉಗುರಿನ ಗುರುತೂ ನಿಂತಿತು.

ಇನ್ನು ಟೈಲರ್ ವಿಷಯ. ಮಾವ ಕ್ಷಮೆ ಕೇಳಲಿಲ್ಲ. ಹೊಸ ಬೀಗವೊಂದನ್ನು ಕಾಗದದಲ್ಲಿ ಸುತ್ತಿ ನನ್ನ ಕೈಯಲ್ಲಿ ಕಳಿಸಿದ. ಟೈಲರ್ ಬಿಚ್ಚಿ ನೋಡಿ, ಮತ್ತೆ ಅಚ್ಚುಕಟ್ಟಾಗಿ ಸುತ್ತಿ ನನಗೇ ಕೊಟ್ಟರು. "ಬೇಡಮ್ಮ. ನಮ್ಮನೇಲಿ ಬೀಗ ಹಾಕೋ ಅಂಥದ್ದು ಏನಿದೆ? ಮರ್ಯಾದೆ ಒಂದಿತ್ತು."

ನಾನು ಬಂದು ಅದನ್ನೇ ಹೇಳಿದೆ. ಅತ್ತೆ ಬಡಿಸುತ್ತಿದ್ದವಳು ಸೌಟು ಕೆಳಗಿಟ್ಟಳು.

"ಬೀದೀಲಿ ನಿಂತು ಅಂದಿದೀರಿ. ಬೀದೀಲೇ ನಿಂತು ಕೇಳಿ. ಅಲ್ಲೀವರೆಗೆ ನೀವೇ ಬಡಿಸ್ಕೊಳ್ಳಿ."

ಮಾವ ಮೂರು ನಾಲ್ಕು ದಿನ ಹಾರಾಡಿದ. ತಾನೇ ಅನ್ನ ಬಸಿಯಲು ಹೋಗಿ ಕೈ ಸುಟ್ಟುಕೊಂಡ. ಕೊನೆಗೊಂದು ಬೆಳಿಗ್ಗೆ, ಅಂಗಡಿಗಳು ತೆರೆಯುವ ಹೊತ್ತಿನಲ್ಲಿ, ಟೈಲರ್ ಮೆಟ್ಟಿಲ ಕೆಳಗೆ ಹೋಗಿ ನಿಂತ. ಕಣ್ಣು ಚರಂಡಿಯ ಮೇಲಿತ್ತು.

"ನಾನು... ತಪ್ಪು ತಿಳ್ಕೊಂಡಿದ್ದೆ. ನರಿ ಅದು."

"ಕೇಳಿಸ್ಲಿಲ್ಲ ಯಜಮಾನ್ರೇ," ಎಂದರು ಟೈಲರ್, ಹೊಲಿಗೆಯಂತ್ರ ನಿಲ್ಲಿಸಿ.

ಮಾವನ ಕಿವಿ ಕೆಂಪಾಯಿತು. "ನರಿ ಅಂದೆ! ನೀವಲ್ಲ, ನರಿ! ನಂದೇ ತಪ್ಪು!"

ಎದುರಿನ ಅಂಗಡಿಯವರು ಹೊರಗೆ ಬಂದು ನೋಡಿದರು. ಟೈಲರ್ ತಲೆಯಾಡಿಸಿ ಮತ್ತೆ ಯಂತ್ರ ತುಳಿಯತೊಡಗಿದರು. ಒಳಗೆ ಬನ್ನಿ ಎಂದು ಕರೆಯಲಿಲ್ಲ. ಅಷ್ಟು ಬೇಗ ಕರೆಯಬೇಕಾಗಿಯೂ ಇರಲಿಲ್ಲ.

ಈಗ ನಮ್ಮ ಮಾವ ಅಂಗಡಿಗೆ ಬಂದವರಿಗೆ ಬೀಗದ ಜೊತೆ ನರಿಯ ಸ್ವಭಾವದ ಬಗ್ಗೆಯೂ ಉಪನ್ಯಾಸ ಕೊಡುತ್ತಾನೆ. ಜಾಲರಿ ಹಾಸಿದ್ದನ್ನು ಹೇಳುತ್ತಾನೆ, ಅದಕ್ಕೆ ಮುಂಚಿನದನ್ನು ಹೇಳುವುದಿಲ್ಲ. ಅತ್ತೆಯ ಪ್ಲಾಸ್ಟರ್ ಬಿಚ್ಚಿ ಎಷ್ಟೋ ಕಾಲವಾಯಿತು, ಆದರೆ ಕೋಳಿಗಳ ಕೆಲಸವನ್ನು ಅವಳು ವಾಪಸು ತೆಗೆದುಕೊಂಡಿಲ್ಲ. ಬೆಳಕು ಮಾಸುತ್ತಿದ್ದಂತೆ ಮಾವ ಅಂಗಡಿ ಮುಚ್ಚಿ ಬರುತ್ತಾನೆ. ಹಿತ್ತಲಲ್ಲಿ ಡಬ್ಬಿ ಕುಲುಕುತ್ತ, "ಬಾ ಬಾ ಬಾ" ಎಂದು ದೊಡ್ಡ ದನಿಯಲ್ಲಿ ಕರೆಯುತ್ತಾನೆ. ಅವು ತಕ್ಷಣ ಬರುವುದಿಲ್ಲ. ಅವನು ಕಾಯುತ್ತಾನೆ.