ನೆಂಟರಿಗೆ ಇಕ್ಕದ ಹಿಟ್ಟು

ನನ್ನ ಬಾಯಿ ಯಾವಾಗಲೂ ನನ್ನ ಬುದ್ಧಿಗಿಂತ ಒಂದು ಹೆಜ್ಜೆ ಮುಂದೆ. ಕಳೆದ ಶ್ರಾವಣದಲ್ಲಿ, ಬೆಂಗಳೂರಿನಲ್ಲಿ ಕೃಷಿ ಪಾಠ ಹೇಳುವ ಮೇಷ್ಟ್ರೊಬ್ಬರು ಫೋನ್ ಮಾಡಿದರು. ಕೊರಟಗೆರೆ ಕಡೆಯವರು, ಹಿಂದೆ ಯಾವುದೋ ತರಬೇತಿಯಲ್ಲಿ ಪರಿಚಯವಾದವರು. ಉಗಾಂಡಾದಿಂದ ಓದಲು ಬಂದಿರುವ ಹುಡುಗಿಯೊಬ್ಬಳಿಗೆ ರಾಗಿ ಬೇಸಾಯ ನೋಡಬೇಕಂತೆ, ಇಂಗ್ಲಿಷ್ ಬರುವ ಹಳ್ಳಿ ಮನೆ ಬೇಕಂತೆ, ಮೂರು ತಿಂಗಳು ಇಟ್ಟುಕೊಳ್ಳುತ್ತೀರಾ ಎಂದು ಕೇಳಿದರು. "ಕಳಿಸಿ ಸಾರ್, ನಮ್ಮ ಮಗಳ ಥರ ನೋಡ್ಕೋತೀವಿ" ಎಂದುಬಿಟ್ಟೆ. ಫೋನ್ ಇಟ್ಟ ಮೇಲೆ ನಮ್ಮ ಶಾಲೆಯ ಗೋಡೆಯ ಭೂಪಟದಲ್ಲಿ ಉಗಾಂಡಾ ಎಲ್ಲಿದೆ ಎಂದು ಹುಡುಕಿದೆ. ನಾನು ಟೀಚರ್. ಆದರೂ ಸಿಗಲು ಸ್ವಲ್ಪ ಹೊತ್ತು ಹಿಡಿಯಿತು.

ಮೇಷ್ಟ್ರು ಒಂದು ಮಾತು ಸೇರಿಸಿದ್ದರು. "ಅವಳು ಈ ದೇಶಕ್ಕೆ ಬಂದು ಇನ್ನೂ ಹತ್ತು ದಿನ ಮೇಡಂ. ಒಂದು ವಾರ ನೋಡೋಣ. ಹಳ್ಳಿ ಒಗ್ಗಲಿಲ್ಲ ಅಂದ್ರೆ ಭಾನುವಾರ ಕಾರು ತಂದು ವಾಪಸ್ ಕರ್ಕೊಂಡು ಹೋಗ್ತೀನಿ. ಆಮೇಲೆ ಹೊಲದ ಆಸೆ ಬಿಟ್ಟು ಲ್ಯಾಬಲ್ಲೇ ಏನೋ ಒಂದು ಮಾಡಬೇಕಾಗುತ್ತೆ. ಪಾಪ, ಅಷ್ಟು ದೂರದಿಂದ ಹೊಲಕ್ಕೋಸ್ಕರಾನೇ ಬಂದವಳು." ಆಗಲೇ ನಾನು ಮನಸ್ಸಿನಲ್ಲಿ ಹಟ ಹಿಡಿದೆ. ಆ ಹುಡುಗಿ ನನ್ನ ಮನೆಯಿಂದ ಭಾನುವಾರ ವಾಪಸ್ ಹೋಗಕೂಡದು.

ಆ ಹಟಕ್ಕೆ ನಾನು ಹಿಡಿದ ದಾರಿ ಏನು ಎನ್ನುವುದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ನಮ್ಮ ಕಡೆ ಮುದ್ದೆಗೆ ಹಿಟ್ಟು ಅಂತಲೇ ಹೆಸರು. ಹಿಟ್ಟು ಮನೆಯವರಿಗೆ, ಅನ್ನ ನೆಂಟರಿಗೆ. ಬಂದ ಬೀಗರಿಗೆ ಹಿಟ್ಟು ಇಕ್ಕಿದರೆ ಆ ಸುದ್ದಿ ತೋವಿನಕೆರೆಯ ತನಕ ಹೋಗುತ್ತದೆ. ನಮ್ಮಜ್ಜಿ ಉಣ್ಣುತ್ತಾ ಕೂತಾಗ ಹೊರಗೆ ನೆಂಟರ ಸದ್ದು ಕೇಳಿಸಿದರೆ ಸಾಕು, ತಟ್ಟೆ ಸಮೇತ ಎದ್ದು ಒಳಕೋಣೆಗೆ ಓಡುತ್ತಿದ್ದರು. ಈಗ ಪೇಟೆಯ ಹೋಟೆಲುಗಳಲ್ಲಿ ಬೋರ್ಡು ಹಾಕಿ ಮುದ್ದೆ ಊಟ ಮಾರುತ್ತಾರೆ, ನಿಜ. ಆದರೆ ಹೋಟೆಲಿನ ಮಾನ ಬೇರೆ, ಮನೆಯ ಮಾನ ಬೇರೆ.

ಮಧುಗಿರಿಗೆ ಹೋಗಿ ಬ್ರೆಡ್ಡು, ಜಾಮು, ನೂಡಲ್ಸ್, ಕಾರ್ನ್‌ಫ್ಲೇಕ್ಸ್, ಸಣ್ಣಕ್ಕಿ ಎಲ್ಲ ತಂದೆ. ಪಕ್ಕದ ಮನೆಯಿಂದ ಒಂದು ಪ್ಲಾಸ್ಟಿಕ್ ಟೇಬಲ್ಲು, ಒಂದು ಕುರ್ಚಿ ಕೇಳಿ ತಂದು ನಡುಮನೆಯಲ್ಲಿ ಹಾಕಿದೆ. ಅತ್ತೆಯನ್ನು ಕೂರಿಸಿಕೊಂಡು ಕಾನೂನು ಹೇಳಿದೆ. ಹುಡುಗಿ ಇರುವಷ್ಟು ದಿನ ಅಡುಗೆಮನೆಯಲ್ಲಿ ಹಿಟ್ಟು ಮಾಡಕೂಡದು. ಉಣ್ಣಲೇಬೇಕು ಅನ್ನುವವರು ಹಿತ್ತಲಿನ ಸೌದೆ ಒಲೆಯ ಹತ್ತಿರ ಮಾಡಿಕೊಂಡು ಅಲ್ಲೇ ಉಣ್ಣಬೇಕು.

"ಇದ್ಯಾವ ನ್ಯಾಯ ಕಣಮ್ಮ? ನಮ್ಮನೆ ಇಟ್ಟ ನಾವೇ ಕದ್ದು ಉಣ್ಬೇಕಾ?" ಎಂದರು ಅತ್ತೆ.

ನಮ್ಮ ಯಜಮಾನರು ಹಾಲಿನ ಡೇರಿಯಿಂದ ಆಗಷ್ಟೇ ಬಂದಿದ್ದರು. "ಅಲ್ಲಾ ಮೇಡಮ್ಮೋರೆ, ರಾಗಿ ಓದಾಕೆ ಬರೋಳಿಗೆ ರಾಗಿನೇ ತೋರ್ಸಬಾರ್ದಾ?" ಎಂದು ಕಿಸಕ್ಕನೆ ನಕ್ಕರು.

"ಹೊಲದಲ್ಲಿ ನೋಡ್ಲಿ. ತಟ್ಟೇಲಿ ಬ್ಯಾಡ" ಎಂದೆ.

ಸೋಮವಾರ ಮಧ್ಯಾಹ್ನ ಅವಳು ಬಡವನಹಳ್ಳಿಯಲ್ಲಿ ಬಸ್ಸಿಳಿದಳು, ಕರೆತರಲು ನಾನೇ ಹೋಗಿದ್ದೆ. ಇಪ್ಪತ್ಮೂರೋ ಇಪ್ಪತ್ನಾಲ್ಕೋ ಇರಬೇಕು. ಬೆನ್ನಿಗೊಂದು, ಕೈಗೊಂದು ಚೀಲ. ತಲೆ ತುಂಬ ಎಳೆ ಎಳೆಯಾಗಿ ಹೆಣೆದ ಜಡೆಗಳು. ಊರಿಗೆ ಹೋಗುವ ಆಟೊದಲ್ಲಿ ಜೊತೆಗೆ ಕೂತಿದ್ದ ಹೆಂಗಸರಿಗೆ ಆ ಜಡೆಗಳದ್ದೇ ಚಿಂತೆ. "ಇಷ್ಟು ಎಣೆಯಾಕೆ ಎಷ್ಟೊತ್ತು ಹಿಡೀತು ಕೇಳಮ್ಮ" ಎಂದರು. ಕೇಳಿದೆ. ಆರು ಗಂಟೆ ಎಂದಳು. "ಆರು ಗಂಟೆನಾ! ಅಷ್ಟೊತ್ತಿಗೆ ಅರ್ಧ ಹೊಲ ಕಳೆ ಕಿತ್ತಾಕ್ಬೋದಿತ್ತು" ಎಂದಳು ಒಬ್ಬಳು. ಅದನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಹುಡುಗಿ ಆಟೊ ಅಲುಗುವ ಹಾಗೆ ನಕ್ಕಳು. ಆ ನಗು ಕೇಳಿ, ಗೆದ್ದೆ ಅಂದುಕೊಂಡೆ.

ಮನೆಯ ಅಂಗಳದಲ್ಲಿ ಅತ್ತೆ ನಿಂತಿದ್ದರು. ಹುಡುಗಿ ಚೀಲ ಕೆಳಗಿಟ್ಟವಳೇ ಅವರ ಮುಂದೆ ಎರಡೂ ಮಂಡಿಯೂರಿ ಕೂತುಬಿಟ್ಟಳು. "ಅಯ್ಯೋ ಬಿದ್ಬುಟ್ಳು ಇಡ್ಕಳ್ರೋ!" ಎಂದು ಅತ್ತೆ ಕಿರುಚಿದರು. ಅವಳ ಊರಿನಲ್ಲಿ ಹೆಣ್ಣುಮಕ್ಕಳು ಹಿರಿಯರನ್ನು ಮಾತಾಡಿಸುವುದೇ ಹಾಗಂತೆ. ವಿಷಯ ತಿಳಿಸಿದ ಮೇಲೆ ಅತ್ತೆಯ ಮುಖ ಅರಳಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ನನ್ನಿಂದ ಅವರಿಗೆ ಸಿಕ್ಕಿದ್ದು ಹಬ್ಬಕ್ಕೊಂದು ನಮಸ್ಕಾರ. ಅತ್ತೆ ಆ ಕ್ಷಣವೇ ಹುಡುಗಿಯ ಪಕ್ಷ ಸೇರಿದರು.

ಆಮೇಲೆ ಶುರುವಾಯಿತು ನನ್ನ ಉಪಚಾರ. ಬೆಳಗ್ಗೆ ಬ್ರೆಡ್ಡು ಜಾಮು. ಮಧ್ಯಾಹ್ನಕ್ಕೆ ಖಾರವಿಲ್ಲದ ತಿಳಿಸಾರು, ಅನ್ನ. ಸಂಜೆ ನೂಡಲ್ಸ್. ಅವಳು ಕುರ್ಚಿಯಲ್ಲಿ ಒಬ್ಬಳೇ ಕೂತು ತಿನ್ನುವುದು, ನಾನು ಪಕ್ಕದಲ್ಲಿ ನಿಂತು ಇನ್ನೊಂದು ಸ್ವಲ್ಪ, ಇನ್ನೊಂದು ಸ್ವಲ್ಪ ಎನ್ನುವುದು. ನೀವೆಲ್ಲ ಯಾವಾಗ ಊಟ ಮಾಡುತ್ತೀರಿ ಎಂದು ಮೊದಲ ದಿನ ಕೇಳಿದಳು. ಆಮೇಲೆ, ಆಮೇಲೆ ಎಂದೆ. ಎರಡನೇ ದಿನವೂ ಕೇಳಿದಳು. ಮೂರನೇ ದಿನ ಕೇಳಲಿಲ್ಲ. ನಾನು ಅದನ್ನು ಗಮನಿಸಲೂ ಇಲ್ಲ. ಪ್ರತಿ ತುತ್ತಿಗೂ ಥ್ಯಾಂಕ್ ಯೂ ಎನ್ನುತ್ತಿದ್ದಳು, ತಟ್ಟೆಯಲ್ಲಿ ಅರ್ಧ ಹಾಗೇ ಉಳಿಯುತ್ತಿತ್ತು.

ಗುರುವಾರ ಬೆಳಗ್ಗೆ, ನಾನು ಶಾಲೆಗೆ ಹೊರಟಾಗ, ಬಾಗಿಲ ಹತ್ತಿರ ಬಂದು ಮೆಲ್ಲಗೆ ಕೇಳಿದಳು. ಭಾನುವಾರ ಮೇಷ್ಟ್ರ ಕಾರು ಎಷ್ಟು ಹೊತ್ತಿಗೆ ಬರುತ್ತದೆ?

ಯಾಕಮ್ಮ, ಹುಷಾರಿಲ್ಲವಾ, ಮನೆ ಹಿಡಿಸಲಿಲ್ಲವಾ ಎಂದೆ. ಏನೂ ಇಲ್ಲ, ಎಲ್ಲ ಚೆನ್ನಾಗಿದೆ, ಸ್ವಲ್ಪ ಸುಸ್ತು ಅಷ್ಟೇ ಎಂದಳು. ಕಣ್ಣುಗಳು ಊದಿಕೊಂಡಿದ್ದವು. ದಾರಿಯುದ್ದಕ್ಕೂ ನನಗೆ ಸಿಟ್ಟು. ಮೊದಲು ಅವಳ ಮೇಲೆ, ಇಷ್ಟು ಮಾಡಿದರೂ ಸಾಲದೇ ಎಂದು. ಆಮೇಲೆ ಮೇಷ್ಟ್ರ ಮೇಲೆ. ನನ್ನ ಮೇಲೆ ಸಿಟ್ಟು ಮಾಡಿಕೊಳ್ಳುವ ಸರದಿ ಮಾತ್ರ ಬರಲಿಲ್ಲ. ನನ್ನ ಬುದ್ಧಿಯೇ ಅಂಥದು. ಅವತ್ತು ಸಂಜೆ ಬರುವಾಗ ಕೇಕು, ಬಿಸ್ಕತ್ತು ತಂದೆ.

ಶುಕ್ರವಾರ ಶಾಲೆಯಲ್ಲಿ ಮಕ್ಕಳ ಬಿಸಿಯೂಟ ಮುಗಿಯುವ ಹೊತ್ತಿಗೆ, ಮನೆಯಲ್ಲಿ ಮರೆತು ಬಂದಿದ್ದ ರಿಜಿಸ್ಟರ್ ತರಲು ಓಡಿದೆ. ಮನೆ ಬಿಕೋ ಎನ್ನುತ್ತಿತ್ತು. ಟೇಬಲ್ ಮೇಲೆ ನಾನು ಮುಚ್ಚಿಟ್ಟು ಹೋಗಿದ್ದ ಅನ್ನ ಹಾಗೇ ಇತ್ತು. ಹಿತ್ತಲಿನಿಂದ ಹೊಗೆ ಬರುತ್ತಿತ್ತು, ಅತ್ತೆಯ ಜೋರು ದನಿ ಕೇಳಿಸುತ್ತಿತ್ತು. ಹೋಗಿ ನೋಡಿದೆ.

ನಮ್ಮ ಪರದೇಶದ ಅತಿಥಿ ಬರಿಗಾಲಲ್ಲಿ ನೆಲದ ಮೇಲೆ ಕೂತಿದ್ದಳು. ಒಲೆಯಿಂದ ಇಳಿಸಿದ ಪಾತ್ರೆಯನ್ನು ಎರಡು ಪಾದಗಳ ನಡುವೆ ಗೋಣಿತಾಟು ಸುತ್ತಿ ಒತ್ತಿ ಹಿಡಿದಿದ್ದಳು. ಎರಡೂ ಕೈಯಲ್ಲಿ ಮುದ್ದೆ ಕೋಲು ಹಿಡಿದು ಹಿಟ್ಟು ತೊಳಸುತ್ತಿದ್ದಳು. ಹೊಸಬರ ಹಾಗಲ್ಲ. ತೋಳು, ಸೊಂಟ, ಬೆನ್ನು ಎಲ್ಲ ಒಟ್ಟಿಗೆ ಕೆಲಸ ಮಾಡುತ್ತಿದ್ದವು. ನಾನು ಇಪ್ಪತ್ತು ವರ್ಷದಿಂದ ತೊಳಸುತ್ತಿದ್ದೇನೆ, ನನ್ನ ಕೈ ಇನ್ನೂ ಅಷ್ಟು ಸಲೀಸಾಗಿ ತಿರುಗುವುದಿಲ್ಲ. ಎದುರಿಗೆ ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತು, "ಅಂಗಲ್ಲ ಕಣವ್ವ, ಇಂಗೆ ಒತ್ತು, ತಳದಾಗೆ ಗಂಟು ಕುಂತೈತೆ ನೋಡು" ಎಂದು ಕನ್ನಡದಲ್ಲಿ ಗದರುತ್ತಿದ್ದರು. ಅವಳು ತನ್ನ ಭಾಷೆಯಲ್ಲಿ ಏನೋ ಎದುರುತ್ತರ ಕೊಡುತ್ತಿದ್ದಳು. ಇಬ್ಬರಿಗೂ ಎಲ್ಲ ಅರ್ಥವಾಗುತ್ತಿತ್ತು.

"ಅತ್ತೇ!" ಎಂದೆ.

"ಏನು ಅತ್ತೆ? ಮೂರೂ ಒತ್ತು ಆ ಮಗೀಗೆ ಬ್ರೆಡ್ಡು ಅಂತ ಸ್ಪಂಜು ತಿನ್ಸಿದೀಯ. ವಾಸ್ನೆ ಇಡ್ಕಂಡು ತಾನೇ ಬಂತು. ನನ್ನ ತಟ್ಟೆ ನೋಡಿ ಕಣ್ಣಾಗೆ ನೀರು ಹಾಕ್ಕಂತು. ಒಟ್ಟೆಗೆ ಇಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂದಂಗೆ ಆಯ್ತು ನಿನ್ನ ಉಪಚಾರ!"

ಹುಡುಗಿ ಒಂದೇ ಉಸಿರಿನಲ್ಲಿ ಹೇಳಿದಳು. ಅವಳ ಊರಿನ ದಿನದ ಊಟವೇ ಇದು. ಇದೇ ರಾಗಿ. ಅವರು ಅದಕ್ಕೆ ಅತಪ ಎನ್ನುತ್ತಾರೆ. ನೆಲದ ಮೇಲೆ ಸುತ್ತ ಕೂತು, ಕೈಯಲ್ಲಿ ಮುರಿದು, ಕಡ್ಲೆಕಾಯಿ ಬೀಜ ಅರೆದು ಮಾಡಿದ ಗೊಜ್ಜಿನಲ್ಲಿ ಅದ್ದಿ ತಿನ್ನುತ್ತಾರೆ. ಮನೆ ಬಿಟ್ಟು ಬಂದ ಮೇಲೆ ಒಂದು ದಿನವೂ ಸಿಕ್ಕಿರಲಿಲ್ಲ. ರಾಗಿ ಬೆಳೆಯುವ ಊರಿಗೆ ಹೋಗುತ್ತಿದ್ದೇನೆ, ಅಲ್ಲಾದರೂ ಸಿಗುತ್ತದೆ ಎಂದು ಆಸೆ ಪಟ್ಟುಕೊಂಡೇ ಬಸ್ಸು ಹತ್ತಿದ್ದಳಂತೆ.

"ಮತ್ತೆ ಕೇಳಬಾರದಿತ್ತೇ?" ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

ಅವಳು ಕೋಲನ್ನೇ ನೋಡುತ್ತಾ ಹೇಳಿದಳು. "ನೀವು ಯಾರೂ ನನ್ನ ಜೊತೆ ಕೂತು ಊಟ ಮಾಡಲಿಲ್ಲ. ನಾನು ಮುಗಿಸಿದ ಮೇಲೆ ಹಿಂದೆ ಹೋಗಿ ಊಟ ಮಾಡುತ್ತಿದ್ದಿರಿ. ನನ್ನ ಜೊತೆ ಉಣ್ಣುವುದು ನಿಮಗೆ ಇಷ್ಟವಿಲ್ಲ ಅಂದುಕೊಂಡೆ."

ಕಪಾಳಕ್ಕೆ ಹೊಡೆಸಿಕೊಂಡ ಹಾಗಾಯಿತು. ಯಾರ ಜೊತೆ ಯಾರು ಕೂತು ಉಣ್ಣುತ್ತಾರೆ ಎನ್ನುವುದು ಎಷ್ಟು ದೊಡ್ಡ ಮಾತು ಎಂದು ನಮ್ಮ ದೇಶದವರಿಗೆ ಬೇರೆ ಯಾರಾದರೂ ಹೇಳಿಕೊಡಬೇಕೆ? ಮಕ್ಕಳಿಗೆ ಆ ಪಾಠ ಮಾಡುವವಳು ನಾನೇ. ಇಲ್ಲ ತಾಯಿ, ಹಾಗಲ್ಲ, ನಮ್ಮ ಊಟ ನಿನಗೆ ತೋರಿಸಲು ನನಗೆ ನಾಚಿಕೆಯಾಗಿತ್ತು ಎಂದು ಹೇಳಲು ಹೋದೆ. ಇಂಗ್ಲಿಷ್ ಎಡವಿತು. ಅರ್ಧ ಹೇಳಿದೆನೋ ಇಲ್ಲವೋ, ಅಷ್ಟರಲ್ಲಿ ಶಾಲೆಯ ಬೆಲ್ಲಿನ ಹೊತ್ತಾಯಿತು. ರಿಜಿಸ್ಟರ್ ಎತ್ತಿಕೊಂಡು ವಾಪಸ್ ಓಡಿದೆ. ಅವಳಿಗೆ ನನ್ನ ಮಾತು ತಲುಪಿತೋ ಇಲ್ಲವೋ ಗೊತ್ತಾಗಲಿಲ್ಲ.

ಅವತ್ತಿನಿಂದ ಟೇಬಲ್ಲು ಪಕ್ಕದ ಮನೆಗೆ ವಾಪಸ್ ಹೋಯಿತು. ಹಿಟ್ಟು ಹಿತ್ತಲಿನಿಂದ ಅಡುಗೆಮನೆಗೆ ಬಂತು. ಅತ್ತೆಗೂ ಹುಡುಗಿಗೂ ಹೊಸ ಜಗಳ ಶುರುವಾಯಿತು. ಅವಳು ತುತ್ತನ್ನು ಅಗಿದು ತಿನ್ನುತ್ತಾಳೆ, ನಮ್ಮಲ್ಲಿ ಹಿಟ್ಟನ್ನು ನುಂಗಬೇಕು. "ಅಗೀಬ್ಯಾಡ ಕಣವ್ವ, ನುಂಗು!" ಎಂದು ಅತ್ತೆ ತಮ್ಮ ಗಂಟಲು ತೋರಿಸಿ ನುಂಗಿ ನುಂಗಿ ಕಲಿಸಿದರು. ಶನಿವಾರ ಇಬ್ಬರೂ ಹೊಲಕ್ಕೆ ಹೋಗಿ ರಾಗಿ ನಡುವಿನ ಅವರೆ, ತೊಗರಿ ಸಾಲುಗಳನ್ನು ನೋಡಿ ಬಂದರು. ನಮ್ಮ ಯಜಮಾನರಂತೂ ನನ್ನನ್ನು ಕಂಡಾಗಲೆಲ್ಲ "ಮೇಡಮ್ಮೋರೆ, ಸ್ಪಂಜು ಮಿಕ್ಕೈತಾ?" ಎನ್ನುತ್ತಿದ್ದರು. ಆದರೆ ಹುಡುಗಿ ಇರುತ್ತೇನೆ ಎಂದು ಬಾಯಿ ಬಿಟ್ಟು ಹೇಳಿರಲಿಲ್ಲ. ಕೇಳಲು ನನಗೆ ಧೈರ್ಯ ಬರಲಿಲ್ಲ. ಕೋಣೆಯ ಮೂಲೆಯಲ್ಲಿದ್ದ ಅವಳ ಚೀಲಗಳನ್ನು ಕಸ ಗುಡಿಸುವ ನೆಪದಲ್ಲಿ ಎರಡು ಸಲ ನೋಡಿ ಬಂದೆ. ಕಟ್ಟಿದ್ದಾಳೋ ಬಿಚ್ಚಿದ್ದಾಳೋ ತಿಳಿಯಲಿಲ್ಲ.

ಭಾನುವಾರ ಹನ್ನೆರಡಕ್ಕೆ ಕಾರು ಬಂತು. ಹುಟ್ಟುಗುಣ ಎಲ್ಲಿ ಹೋಗುತ್ತದೆ? ಮೇಷ್ಟ್ರಿಗೆ ಅಂತ ನಾನು ಅನ್ನ, ಹಪ್ಪಳ, ಪಾಯಸ ಮಾಡಿಟ್ಟಿದ್ದೆ. ಅವರು ಕೈ ತೊಳೆದು ನಡುಮನೆಯಲ್ಲಿ ಚಾಪೆಯ ಮೇಲೆ ಕೂತರು. ಅನ್ನದ ಪಾತ್ರೆ ಹಿಡಿದು ನಾನು ಹೊಸಿಲು ದಾಟುವಷ್ಟರಲ್ಲಿ ಹುಡುಗಿ ಮುಂದೆ ಹೋಗಿ ಅವರ ತಟ್ಟೆಯಲ್ಲಿ ಬಿಸಿ ಹಿಟ್ಟು ಇಟ್ಟಳು. ಪಕ್ಕದಲ್ಲಿ ಸೊಪ್ಪು ಹಾಕಿ ಬೇಯಿಸಿದ ಕಡ್ಲೆಕಾಯಿ ಗೊಜ್ಜು.

ಮೇಷ್ಟ್ರು ತಟ್ಟೆಯನ್ನೇ ನೋಡಿದರು. "ಎಷ್ಟು ವರ್ಷ ಆಯ್ತು ಮೇಡಂ" ಎಂದರು. "ಈ ಕಡೆ ಯಾರ ಮನೆಗೆ ಹೋದ್ರೂ ಸಾರ್ ಬಂದ್ರು ಅಂತ ಅನ್ನಾನೇ ಇಕ್ತಾರೆ. ಇಟ್ಟು ಕೇಳೋಕೆ ನಂಗೂ ನಾಚಿಕೆ." ಮಾತು ಮುಗಿಯುವ ಮೊದಲೇ ಮೊದಲ ತುತ್ತು ನುಂಗಿದ್ದರು.

ಹುಡುಗಿಯೂ ತಟ್ಟೆ ಹಾಕಿಕೊಂಡು ಎದುರಿಗೆ ಕೂತಳು. ಅತ್ತೆ ಗೋಡೆಗೆ ಒರಗಿ ಕೂತರು. ಊಟದ ನಡುವೆ ಮೇಷ್ಟ್ರು ಇಂಗ್ಲಿಷಿನಲ್ಲಿ ಕೇಳಿದರು. "ಏನಮ್ಮ, ಹೊರಡೋಣವಾ? ಇಲ್ಲೇ ಇರ್ತೀಯಾ? ಮುಚ್ಚುಮರೆ ಬೇಡ."

ನಾನು ಅನ್ನದ ಪಾತ್ರೆ ಹಿಡಿದು ಹೊಸಿಲಲ್ಲೇ ನಿಂತಿದ್ದೆ.

"ಮೊದಲ ನಾಲ್ಕು ದಿನ, ಹೋಗಿಬಿಡಬೇಕು ಅಂತಲೇ ಇದ್ದೆ" ಎಂದಳು. ಟೇಬಲ್ಲಿನ ಕಥೆ, ಒಬ್ಬಳೇ ಕೂತು ತಿಂದ ಕಥೆ, ಎಲ್ಲ ಹೇಳಿದಳು. ಮೇಷ್ಟ್ರು ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಮುಗಿಯಿತು, ಕರೆದುಕೊಂಡು ಹೋಗುತ್ತಾರೆ ಎಂದುಕೊಂಡೆ.

ಆಗ ಅವಳು ನನ್ನ ಕಡೆಗೇ ತಿರುಗಿದಳು. "ಆದರೆ ಮೇಡಂ, ಶುಕ್ರವಾರ ನೀವು ಹೇಳಿದ್ದನ್ನು ನಮ್ಮಮ್ಮನಿಗೆ ಫೋನಿನಲ್ಲಿ ಹೇಳಿದೆ. ಅವರು ನಗು ನಿಲ್ಲಿಸಲೇ ಇಲ್ಲ. ನಿಮ್ಮ ದೇಶದ ಹುಡುಗಿ ಯಾರಾದರೂ ನಮ್ಮ ಮನೆಗೆ ಬಂದಿದ್ದರೆ ತಾನೂ ಹಿಟ್ಟಿನ ಮಡಕೆ ಅಡಗಿಸಿಟ್ಟು ಪೇಟೆಗೆ ಬ್ರೆಡ್ಡು ತರಲು ಓಡುತ್ತಿದ್ದೆ ಅಂದರು. ಅಲ್ಲೇ ಇರು, ಅದು ನಮ್ಮಂಥವರ ಮನೆಯೇ ಅಂದರು."

ಆ ತಾಯಿಯನ್ನು ನಾನು ಕಂಡವಳಲ್ಲ. ಆದರೆ ಅವರ ಊರಿನ ಅಂಗಡಿಯಲ್ಲಿ ಯಾವ ಜಾಮು ಒಳ್ಳೆಯದು ಎಂದು ಗೊತ್ತಾಗದೆ ನಿಂತಿರುವ ಅವರು ನನಗೆ ಚೆನ್ನಾಗಿ ಕಂಡರು. ಅಳುವೂ ನಗುವೂ ಒಟ್ಟಿಗೇ ಬಂದವು. ಅನ್ನದ ಪಾತ್ರೆಯನ್ನು ಒಳಗಿಟ್ಟು, ನನ್ನ ತಟ್ಟೆ ತಂದು, ಮೇಷ್ಟ್ರ ಎದುರಿಗೇ ಅವಳ ಪಕ್ಕ ಕೂತೆ.

"ನಂಗೂ ಒಂದು ಹಿಟ್ಟು ಇಕ್ಕು" ಎಂದೆ.