ಮುಲೆಯನ ಅತ್ತೆಯಂದಿರು

ಜಾಂಬೆಜಿ ನದಿಯಲ್ಲಿ ಪ್ರವಾಸಿಗರನ್ನು ದೋಣಿಯಲ್ಲಿ ಕರೆದೊಯ್ದು ಮರಳುದಿಬ್ಬಗಳ ಮೇಲೆ ಡೇರೆ ಹಾಕಿಸುವ ಮುಲೆಯನಿಗೆ ನೀರಾನೆಗಳೆಲ್ಲ ಅತ್ತೆಯಂದಿರೇ. ತಿರುವು ಬಂದಲ್ಲೆಲ್ಲ ಹುಟ್ಟಿನಿಂದ ದೋಣಿಯ ಪಕ್ಕೆ ತಟ್ಟುತ್ತಾನೆ. ಸದ್ದು ಕೇಳಿ ನೀರೊಳಗಿನ ಭಾರಿ ತಲೆಗಳು ಮೇಲೇಳುತ್ತವೆ. "ಅಳಿಯ ಬಂದಿದೀನಿ ಅತ್ತೆ, ದಡ ಹಿಡ್ಕೊಂಡು ಹೋಗ್ಬಿಡ್ತೀನಿ," ಎಂದು ತಲೆ ತಗ್ಗಿಸಿ ಸಾಗುತ್ತಾನೆ. ಹುಟ್ಟು ಹಿಡಿದೇ ಹುಟ್ಟಿದವನೆಂದು ಜೊತೆಗಾರರು ಹೊಗಳುತ್ತಾರೆ. ಇಷ್ಟೊಂದು ಅತ್ತೆಯರನ್ನು ಸಂಭಾಳಿಸುವವನಿಗೆ ನಿಜವಾದ ಅತ್ತೆ ಮಾತ್ರ ಒಲಿದಿಲ್ಲ: ಮುನಿದ ಹೆಂಡತಿ ಮಳೆಗಾಲದಿಂದ ನದಿ ದಡದ ತವರೂರಲ್ಲಿದ್ದಾಳೆ. ಹಾಗಾಗಿ ಎಷ್ಟೇ ಚೆಂದದ ದಿಬ್ಬಗಳಿದ್ದರೂ ಅವನ ಡೇರೆ ಆ ಊರಿನ ಎದುರಿಗೇ. ಯಾಕೆಂದು ಕೇಳಿದರೆ "ಇಲ್ಲಿ ಆನೆ ಬರ್ತವೆ" ಎನ್ನುತ್ತಾನೆ, ಬರುವುದು ಸೊಳ್ಳೆ. "ಆನೆನೋ, ಅತ್ತೆನೋ?" ಎಂದು ಅಡುಗೆಯವನು ಕಿಚಾಯಿಸುತ್ತಾನೆ. ಅಲ್ಲಿನವರಲ್ಲಿ ಅತ್ತೆಯಾದವಳು ಅಳಿಯನ ಮುಖ ನೋಡಿ ಮಾತಾಡುವಂತಿಲ್ಲ. ಮೊನ್ನೆ ಸಂಜೆ ಅವನ ಅತ್ತೆ ಆಡು ಹೊಡೆದುಕೊಂಡು ಎದುರು ದಡಕ್ಕೆ ಬಂದು, ಬೆನ್ನು ತಿರುಗಿಸಿ ನಿಂತು, ನದಿಯ ಆಚೆಗೂ ಕೇಳುವಂತೆ ತನ್ನ ಆಡಿಗೆ ಹೇಳಿದಳು: "ಏ ಆಡೇ, ಮಗಳು ಗಂಟು ಕಟ್ಕೊಂಡು ಕೂತಿದ್ದಾಳೆ ಕಣೇ. ಕರ್ಕೊಂಡು ಹೋಗೋ ಗಂಡಸು ಯಾವನೂ ಇಲ್ವೇನೇ?" ಮುಲೆಯ ಚಹಾದ ಕೆಟಲನ್ನು ಪ್ರವಾಸಿಯೊಬ್ಬನ ಕೈಗೆ ತುರುಕಿ, ದೋಣಿಯನ್ನು ನೀರಿಗೆ ತಳ್ಳುತ್ತ, ಅದೇ ಆಡಿಗೆ ಕೂಗಿದ: "ಬಂದೆ ಅಂತ ಹೇಳವ್ವಾ!"